ಜ್ವರದ ಭಾನುವಾರ

ಯಳಂದೂರು,
10 ಜುಲೈ 2023

ಅವ್ವಾ,

ಕೋಪದಲ್ಲೇ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ನಿನ್ನೆ ಭಾನುವಾರವೂ ನೀನು ಬರಲಿಲ್ಲ. ಮುಂದಿನ ಸಾಲಿನಲ್ಲಿ ನಿನಗೆಂದು ಒಂದು ಕುರ್ಚಿ ಹಿಡಿದಿಟ್ಟಿದ್ದೆ. ರುದ್ರಸ್ವಾಮಿಯವರು ಬಂದು ಬಂದು, "ಯಾರ್ಗವ್ವಾ ಆ ಕುರ್ಚಿ? ಜನ ನಿಂತ್ಕಂಡವ್ರೆ" ಅಂದರು. "ನಮ್ಮವ್ವಂಗೆ" ಅಂದೆ. ಕೊನೆಗೆ ಅವರೇ ಅದರಲ್ಲಿ ಕೂತು ತಲೆದೂಗಿದರು.

ಇದೆಲ್ಲ ನಡೆಯುತ್ತಿರುವುದು ನೀನು ಹುಟ್ಟಿ ಬೆಳೆದ ಮಧುವನಹಳ್ಳಿಯಲ್ಲೇ. ಆದರೂ ನಿನಗೊಂದು ಸಲ ಬಂದು ನೋಡಬೇಕು ಅನ್ನಿಸುವುದಿಲ್ಲವಲ್ಲ! ರುದ್ರಸ್ವಾಮಿಯವರು ತಮ್ಮ ಮನೆತನದ ಹಳೇ ಹುಳದ ಮನೆಯನ್ನು, ಅದೇ ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಹೆಂಚಿನ ಮನೆಯನ್ನು, ಮ್ಯೂಸಿಯಂ ಮಾಡಿ ಎರಡು ವರ್ಷವಾಯಿತು. ಒಂದು ಕೋಣೆಯಲ್ಲಿ ಅವರಜ್ಜನ ಕಾಲದ ನೂಲು ತೆಗೆಯುವ ಚರಕ, ಇನ್ನೊಂದರಲ್ಲಿ ಸೀರೆ, ಫೋಟೋ. ಕೊನೆಯ ಕೋಣೆಯಲ್ಲಿ ಮಾತ್ರ ಇವತ್ತಿಗೂ ಜೀವಂತ ಹುಳ, ತಟ್ಟೆ ತುಂಬ. ಭಾನುವಾರ ಬಂತೆಂದರೆ ಕೊಳ್ಳೇಗಾಲದ ಸುತ್ತಿನ ಸಂಸಾರಗಳೆಲ್ಲ ಮಕ್ಕಳನ್ನು ಕಟ್ಟಿಕೊಂಡು ಬರುತ್ತವೆ. ಹನ್ನೊಂದು ಗಂಟೆಗೆ ನಡುಮನೆಯಲ್ಲಿ ನಾನು ಕಲಿಸುವ ಮಕ್ಕಳ ಹಾಡು. ಹುಳದ ಕೋಣೆಗೂ ನಮಗೂ ನಡುವೆ ಒಂದು ಜಾಲರಿ ಕಿಟಕಿ, ಅಷ್ಟೇ. ಹುಳ ಸೊಪ್ಪು ಮೇಯುವ ಸದ್ದು ಅಲ್ಲಿಂದ ಬರುತ್ತಲೇ ಇರುತ್ತದೆ, ಹೊರಗೆ ತುಂತುರು ಮಳೆ ಹಿಡಿದ ಹಾಗೆ. ಆ ಸದ್ದಿನ ಮೇಲೆ ಮಕ್ಕಳು ಹಾಡುತ್ತವೆ. ತಂಬೂರಿಯೇ ಬೇಡ ಅವ್ವಾ.

ಸೌಮ್ಯ ಅಂತ ಒಬ್ಬಳಿದ್ದಾಳೆ, ಎರಡನೇ ಕ್ಲಾಸು, ಮುಂದಿನ ಹಲ್ಲೆರಡೂ ಇಲ್ಲ. ಯಾರಾದರೂ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸಾಕು, ಹಾಡು ನಿಲ್ಲಿಸಿ ಅವರನ್ನೇ ದುರುಗುಟ್ಟಿ ನೋಡುತ್ತಾಳೆ. ನಿನ್ನೆ ಸಿಕ್ಕಿಬಿದ್ದವಳು ನಾನು. "ಮಿಸ್ಸು ಮ್ಯಾಕೋದ್ರು" ಅಂತ ಅಷ್ಟು ಜನರ ಎದುರು ಅಂದುಬಿಟ್ಟಳು. ಜನ ನಕ್ಕೂ ನಕ್ಕೂ ಸುಸ್ತಾದರು. ಆಗ ನೀನು ಇರಬೇಕಿತ್ತು, ನನ್ನ ಮಾನ ಹೋದದ್ದನ್ನು ನೋಡಿ ನಗಲಿಕ್ಕಾದರೂ.

ನನಗೆ ಹಾಡು ಕಲಿಸಿದವಳು ನೀನು. ಇಡೀ ಹನೂರು ಸುತ್ತಿನ ಶಾಲೆ ಕಾರ್ಯಕ್ರಮಗಳಲ್ಲಿ ನಾಡಗೀತೆಗೆ ಜ್ಯೋತಿಲಕ್ಷ್ಮಿ ಮಿಸ್ಸೇ ಬೇಕು ಅಂತ ಜೀಪು ಕಳಿಸುತ್ತಿದ್ದ ಕಾಲ ನನಗೆ ನೆನಪಿದೆ. ಈಗ ಮಗಳು ಹಾಡಿಸುವುದನ್ನು ಕೇಳಲು ಎರಡು ವರ್ಷದಲ್ಲಿ ಒಂದು ಭಾನುವಾರ ನಿನಗೆ ಸಿಗಲಿಲ್ಲ. ಬರುತ್ತೀಯೋ ಇಲ್ಲವೋ, ಒಂದು ಮಾತು ಬರಿ. ಕಾಗದವನ್ನು ಹೂಗ್ಯಂ ಬಸ್ಸಿನ ಕಂಡಕ್ಟರ್ ಮಹದೇವಸ್ವಾಮಿ ಕೈಗೆ ಕೊಡುತ್ತಿದ್ದೇನೆ, ಉತ್ತರವನ್ನೂ ಅವರ ಕೈಗೇ ಕೊಡು.

ನಿನ್ನ ಮಗಳು
ಪವಿತ್ರ


ಹೂಗ್ಯಂ,
29 ಜುಲೈ 2023

ಪವೀ,

ನಿನ್ನ ಕೋಪ ಮಹದೇವಸ್ವಾಮಿಯ ಚರ್ಮದ ಚೀಲದಲ್ಲಿ ಚಿಲ್ಲರೆ ಜೊತೆ ಕುಲುಕಾಡಿ ಬಂದು ಸೇರಿತು. ಓದುವ ಹೊತ್ತಿಗೆ ಆರಿತ್ತು. ಹಾಗಂದುಕೊಂಡಿದ್ದೇನೆ.

ಇಲ್ಲಿ ಬೆಳಗಿನ ಹೊತ್ತು ಕಾಡಿನ ಕಡೆಯಿಂದ ಮಂಜು ಇಳಿದು ಶಾಲೆಯ ಅಂಗಳದಲ್ಲಿ ಕೂತುಬಿಡುತ್ತದೆ. ಮಕ್ಕಳು ಅದರೊಳಗಿಂದ ಒಂದೊಂದಾಗಿ ಮೂಡಿ ಬರುತ್ತವೆ, ಮೊದಲು ಬಿಳಿ ಅಂಗಿ, ಆಮೇಲೆ ಮುಖ. ಮೊನ್ನೆ ಬೇಲಿಯ ಆಚೆ ಒಂದು ಆನೆ ನಿಂತಿತ್ತು. ಅದು ಯಾವಾಗ ಬಂತು, ಯಾವಾಗ ಹೋಯಿತು, ಒಂದೂ ತಿಳಿಯಲಿಲ್ಲ. ಬಿಸಿಯೂಟದ ಚಿಕ್ಕನಿಂಗಮ್ಮ ಸೌಟು ಹಿಡಿದು ಓಡಿಬಂದು ನನ್ನ ರಟ್ಟೆ ಎಳೆದುಕೊಂಡು ಹೋದಳು. "ಅಷ್ಟು ಕೂಕ್ಕಂಡ್ರೂ ನಿಂತೇ ಇದ್ದೀರಲ್ಲ ಮಿಸ್ಸೂ, ದ್ಯಾವ್ರು ಕಣ್ಣಿಗ್ ಬಿದ್ದಂಗೆ!" ಅಂತ ಬೈದಳು. ಚೆನ್ನಾಗಿತ್ತು ಆನೆ. ಅದಕ್ಕೇ ನಿಂತಿದ್ದೆ.

ಫೋನು ಮಾಡಬೇಡ ಮಗಳೇ. ಇಲ್ಲಿ ನೆಟ್‌ವರ್ಕ್ ಇಲ್ಲ. ಕಾಗದವೇ ವಾಸಿ, ಮತ್ತೆ ಮತ್ತೆ ಓದಬಹುದು. ಒಂದು ಕೇಳಿಕೊಳ್ಳುತ್ತೇನೆ. ಮಕ್ಕಳು ಯಾವ ರಾಗ ಹಾಡಿದರು, ಯಾವ ತಾಳ ಅನ್ನುವುದನ್ನು ಬಿಡು. ಹಾಡುವಾಗ ಅವರ ಮುಖ ಹೇಗಾಗುತ್ತದೆ, ಬಾಯಿ ಹೇಗೆ ತೆರೆಯುತ್ತಾರೆ, ಕೈ ಎಲ್ಲಿಡುತ್ತಾರೆ, ಅದನ್ನು ಬರಿ. ಸೌಮ್ಯನ ಹಲ್ಲು ಬಂತಾ?

ಬರುವುದು ಈ ತಿಂಗಳು ಆಗುವುದಿಲ್ಲ. ಕುರ್ಚಿಯಲ್ಲಿ ರುದ್ರಸ್ವಾಮಿಯವರೇ ಕೂರಲಿ. ವಯಸ್ಸಾದವರು, ಎಷ್ಟು ಹೊತ್ತು ಅಂತ ನಿಲ್ಲುತ್ತಾರೆ.

ನಿನ್ನ
ಅವ್ವ


ಯಳಂದೂರು,
14 ಆಗಸ್ಟ್ 2023

ಅವ್ವಾ,

ಇವತ್ತು ಬೆಳಿಗ್ಗೆ ಕೊಳ್ಳೇಗಾಲ ಬಸ್ ಸ್ಟ್ಯಾಂಡಿನಲ್ಲಿ ಮಹದೇವಸ್ವಾಮಿ ಸಿಕ್ಕರು. ನಮ್ಮವ್ವನ ಊರಿಗೆ ನೆಟ್‌ವರ್ಕ್ ಯಾವಾಗ ಬರುತ್ತದೋ ಅಂದೆ. ಅವರು ನನ್ನ ಮುಖವನ್ನೇ ನೋಡಿ, "ಅಯ್, ಟವರ್ ನಿಂತು ಆರ್ ತಿಂಗ್ಳಾಗ್ತಾ ಬಂತು ಕಣವ್ವ. ನಾನು ಅಲ್ಲಿಂದ್ಲೇ ದಿನಾ ಮನೆಗೆ ವಿಡಿಯೋ ಕಾಲ್ ಮಾಡಿ ಸಾರೇನು ಅಂತ ಕೇಳ್ತೀನಿ" ಅಂದರು. ನಾನು ಬಸ್ಸು ಹತ್ತಿದೆ. ನಮ್ಮವ್ವ ನನಗೆ ಸುಳ್ಳು ಹೇಳುತ್ತಾಳೆ ಅನ್ನುವುದನ್ನು ಕಂಡಕ್ಟರಿಂದ ಕೇಳಿ ತಿಳಿಯಬೇಕಾಯಿತಲ್ಲ.

ನೇರವಾಗಿ ಕೇಳುತ್ತೇನೆ. ನನ್ನ ಮೇಲೆ ನಿನಗೆ ಏನು ಬೇಜಾರು? ಸಂಕ್ರಾಂತಿಗೆ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಇಡೀ ದಿನ ನೀನೇ ಮಾತಾಡಿದೆ. ಎಳ್ಳು, ಬೆಲ್ಲ, ಆನೆ, ಶಾಲೆಯ ಮಾಡು, ಒಂದು ಮುಗಿಯುವುದರೊಳಗೆ ಇನ್ನೊಂದು. ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಸಂಜೆ ಹಿತ್ತಿಲಲ್ಲಿ ನೀನು ಪಾತ್ರೆ ತೊಳೆಯುತ್ತಿದ್ದಾಗ ನಿನ್ನ ಬೆನ್ನ ಹಿಂದೆ ನಿಂತು, ಮಕ್ಕಳಿಗೆಂದು ಹೊಸದಾಗಿ ಕಟ್ಟಿದ ಹಾಡನ್ನು ಪೂರ್ತಿ ಹೇಳಿದೆ. ಮೊದಲು ನಿನಗೇ ಕೇಳಿಸಬೇಕು ಅಂತ ಯಾರಿಗೂ ಹೇಳಿರಲಿಲ್ಲ. ನೀನು ತಿರುಗಿ ಕೂಡ ನೋಡಲಿಲ್ಲ. ಪಾತ್ರೆ ಬೋರಲು ಹಾಕಿ, ನನ್ನನ್ನು ಕಂಡು, "ಅಯ್ಯೋ, ಇಲ್ಲೇ ಇದ್ದೀಯಾ?" ಅಂದೆ. ಬಸ್ಸಿನಲ್ಲಿ ಹನೂರಿನವರೆಗೂ ಅತ್ತಿದ್ದೇನೆ.

ಹಾಡು ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನು. ಚಿಕ್ಕಂದಿನಲ್ಲಿ ನೂರು ಸಲ ಅಂದಿದ್ದೀಯ, ನಾನು ತಡೆದುಕೊಂಡಿಲ್ಲವಾ? ಈ ಸುಮ್ಮನಿರುವುದನ್ನು ಮಾತ್ರ ನನ್ನ ಕೈಲಿ ತಡೆಯಲು ಆಗುತ್ತಿಲ್ಲ.

ಪವಿತ್ರ


ಹೂಗ್ಯಂ,
20 ಸೆಪ್ಟೆಂಬರ್ 2023

ಪವೀ, ನನ್ನ ಬಂಗಾರವೇ,

ನೀನು ಹಿತ್ತಿಲಲ್ಲಿ ಹಾಡಿದ್ದು ನನಗೆ ಗೊತ್ತೇ ಇಲ್ಲ. ನಿನ್ನ ಕಾಗದ ಓದಿದಾಗಲೇ ಗೊತ್ತಾದದ್ದು. ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ನನಗೆ ಕಿವಿ ಕೇಳಿಸುವುದಿಲ್ಲ ಮಗಳೇ. ಶುರುವಾಗಿ ಮೂರು ವರ್ಷವಾಯಿತು, ಮೊದಲು ಹಕ್ಕಿಗಳು ಹೋದವು. ಕೊಂಬೆಯ ಮೇಲೆ ಕೂತು ಕೊಕ್ಕು ತೆರೆಯುತ್ತವೆ, ಮುಚ್ಚುತ್ತವೆ, ಸದ್ದಿಲ್ಲ. ಈ ಸಲ ಹಕ್ಕಿಗಳೇ ಸುಮ್ಮನಿವೆ ಅಂದುಕೊಂಡಿದ್ದೆ, ಪೆದ್ದಿ ನಾನು. ಆಮೇಲೆ ಕುಕ್ಕರಿನ ಶಿಳ್ಳೆ ಹೋಯಿತು. ಹೋದ ವರ್ಷ ಬಸ್ಸಿನ ಹಾರನ್ನೂ ಹೋಯಿತು. ಮೈಸೂರಿನ ಡಾಕ್ಟರು ನರ ಬತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಅಂತ ಚೀಟಿಯಲ್ಲಿ ಬರೆದು ತೋರಿಸಿದರು. ಒಳ್ಳೆಯ ಮನುಷ್ಯ, ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗಿತ್ತು.

ಶಾಲೆ ಹೇಗೋ ನಡೆಯುತ್ತಿದೆ. ಎದುರಿಗಿದ್ದವರ ತುಟಿ ನೋಡಿ ಅರ್ಧ ಹಿಡಿಯುತ್ತೇನೆ. ಮಕ್ಕಳು ಉತ್ತರವನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ, ಅದರಿಂದ ಕಾಗುಣಿತವೂ ಸುಧಾರಿಸಿದೆ. ಬಾಗಿಲಲ್ಲಿ ಯಾರಾದರೂ ಬಂದರೆ ಚಿಕ್ಕನಿಂಗಮ್ಮ ಕಣ್ಸನ್ನೆ ಮಾಡುತ್ತಾಳೆ. ಹೆಡ್‌ಮಾಸ್ಟರ್ ಗುರುಸಿದ್ದಯ್ಯನವರು ಕಂಡೂ ಕಾಣದ ಹಾಗೆ ಇದ್ದಾರೆ, ಅವರ ಪುಣ್ಯ. ಸಂಕ್ರಾಂತಿಗೆ ನೀನು ಬಂದಾಗ ಒಂದೇ ಸಮನೆ ಮಾತಾಡಿದ್ದು, ನೀನು ಏನಾದರೂ ಕೇಳಿ ನಾನು ಏನಾದರೂ ತಪ್ಪು ಉತ್ತರ ಕೊಟ್ಟುಬಿಟ್ಟರೆ ಅನ್ನುವ ಹೆದರಿಕೆಗೆ. ಗಂಟಲು ನೋಯುವವರೆಗೆ ಮಾತಾಡಿದೆ.

ಕನಸಿನಲ್ಲಿ ಮಾತ್ರ ಎಲ್ಲ ಕೇಳಿಸುತ್ತದೆ. ಬಾವಿಗೆ ಕೊಡ ಇಳಿಯುವುದು, ಪಾಲಾರ್ ಹೊಳೆಯಲ್ಲಿ ಮೊಣಕಾಲುದ್ದ ನೀರು ಕಲ್ಲಿಗೆ ತಾಗುವುದು, ನಮ್ಮವ್ವ ಸೊಪ್ಪು ಕತ್ತರಿಸುವುದು. ಊಟವಾದ ಕೂಡಲೇ ಮಲಗಿಬಿಡುತ್ತೇನೆ, ಜಾತ್ರೆಗೆ ಹೊರಟವಳ ಹಾಗೆ ಆತುರ ನನಗೆ. ಎದ್ದಾಗ ಹೆಂಚಿನ ಮೇಲೆ ಬೆಳಕು ಬಿದ್ದಿರುತ್ತದೆ, ಜಗತ್ತು ಹತ್ತಿಯಲ್ಲಿ ಸುತ್ತಿಟ್ಟ ಹಾಗಿರುತ್ತದೆ.

ಈಗ ನೀನೇ ಹೇಳು, ಆ ಕುರ್ಚಿಯಲ್ಲಿ ಕೂತು ನಾನೇನು ಮಾಡಲಿ? ಸುತ್ತ ಎಲ್ಲರಿಗೂ ಕೇಳಿಸುತ್ತಿರುತ್ತದೆ, ನನಗೊಬ್ಬಳಿಗೆ ಇಲ್ಲ. ಮಕ್ಕಳು ಮುಖ ನೋಡಿ ಹಾಡುತ್ತವೆ. ಕೇಳಿಸದ ಹಾಡಿಗೆ ನಾನು ತಲೆದೂಗಿದರೆ ನಿನ್ನ ಸೌಮ್ಯ ಒಂದೇ ನೋಟಕ್ಕೆ ಹಿಡಿದುಬಿಡುತ್ತಾಳೆ. ಮಕ್ಕಳ ಮುಂದೆ ಸುಳ್ಳು ಮುಖ ಹಾಕಿಕೊಂಡು ಕೂರಲು ನನ್ನಿಂದಾಗದು. ಅದಕ್ಕೇ ಬರುತ್ತಿಲ್ಲ. ಬೇರೆ ಏನೂ ಇಲ್ಲ.

ನಿನ್ನ
ಅವ್ವ


ಯಳಂದೂರು,
5 ನವೆಂಬರ್ 2023

ಅವ್ವಾ,

ಇಷ್ಟು ದಿನ ಏನು ಬರೆಯಬೇಕೋ ತಿಳಿಯಲಿಲ್ಲ. ಬರೆದೆ, ಹರಿದೆ. ಒಂದರಲ್ಲಿ ಬರೀ ನಿನ್ನನ್ನು ಬೈದಿದ್ದೆ. ಇನ್ನೊಂದರಲ್ಲಿ ಬರೀ ಅಳು. ಮೂರು ವರ್ಷ ಒಬ್ಬಳೇ ಇದನ್ನು ಹೊತ್ತುಕೊಂಡು ತಿರುಗಿದೆಯಲ್ಲ, ಚಿಕ್ಕನಿಂಗಮ್ಮನಿಗೆ ಗೊತ್ತು, ಹೆಡ್‌ಮಾಸ್ಟರಿಗೆ ಗೊತ್ತು, ನಿನ್ನ ಶಾಲೆಯ ಸ್ಲೇಟುಗಳಿಗೂ ಗೊತ್ತು. ನಾನೊಬ್ಬಳು ಯಾರಿಗೂ ಬೇಡದವಳಾ?

ಸರಿ ಬಿಡು. ಬೈಯುವುದು ಇಲ್ಲಿಗೆ ಮುಗಿಯಿತು.

ಕಿವಿಗೆ ಹಾಕುವ ಮೆಷಿನ್ ಇದೆಯಲ್ಲ, ಅದನ್ನು ಯಾಕೆ ತೆಗೆದುಕೊಳ್ಳಬಾರದು? ಅದಾಗದಿದ್ದರೂ ಚಿಂತೆಯಿಲ್ಲ, ಸುಮ್ಮನೆ ಬಾ. ಹಾಡಿನ ಹೊತ್ತಿಗೆ ಬೇಡ, ಮುಗಿದ ಮೇಲೆ ಬಾ. ಮಕ್ಕಳು ಹುರಿಗಡಲೆ ತಿನ್ನುವುದನ್ನು ನೋಡು. ಅವರ ಮುಖ ಬರಿ ಅಂದಿದ್ದೆ, ಬರೆಯಲು ಹೋದೆ, ನನ್ನಿಂದಾಗುವುದಿಲ್ಲ. ಸೌಮ್ಯನಿಗೆ ಒಂದು ಹಲ್ಲು ಮೊಳೆತಿದೆ. ಮೇಲಿನ ಸ್ವರಕ್ಕೆ ಹೋಗುವಾಗ ಹೆಬ್ಬೆರಳ ಮೇಲೆ ನಿಲ್ಲುತ್ತಾಳೆ, ಸ್ವರ ಅಟ್ಟದ ಮೇಲಿದ್ದ ಹಾಗೆ. ಇಷ್ಟೇ ನನಗೆ ಬರೆಯಲು ಬಂದದ್ದು.

ಒಂದು ಕೇಳಬೇಕು. ನಿನ್ನ ಕನಸಿನಲ್ಲಿ ನನ್ನ ದನಿಯೂ ಬರುತ್ತದಾ?

ಪವಿ


ಹೂಗ್ಯಂ,
2 ಡಿಸೆಂಬರ್ 2023

ಪವೀ,

ಬರುತ್ತದೆ. ದಿನವೂ ಬರುತ್ತದೆ. ಆದರೆ ಆ ದನಿಗೆ ಆರು ವರ್ಷ. ಈಗಿನ ನಿನ್ನ ಮುಖವೇ, ಕನ್ನಡಕ, ಸೀರೆ, ಎಲ್ಲ ಈಗಿನದೇ, ದನಿ ಮಾತ್ರ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿಯದು. ದೊಡ್ಡವಳಾದ ಮೇಲಿನ ನಿನ್ನ ದನಿಯನ್ನು ನಾನು ಸರಿಯಾಗಿ ಕೂಡಿಟ್ಟುಕೊಳ್ಳಲಿಲ್ಲ ಕಣೆ. ಎಲ್ಲಿ ಹೋಗುತ್ತದೆ, ಇದ್ದೇ ಇರುತ್ತದಲ್ಲ ಅಂದುಕೊಂಡಿದ್ದೆ.

ಮೆಷಿನ್ ಇದೆ, ಕಪಾಟಿನ ಡಬ್ಬಿಯಲ್ಲಿ. ಹಾಕಿಕೊಂಡರೆ ಮಕ್ಕಳ ಮಾತೆಲ್ಲ ತಗಡು ಎಳೆದಾಡಿದ ಹಾಗೆ ಕೇಳುತ್ತದೆ. ಅದಕ್ಕಿಂತ ಈ ಹತ್ತಿಯೇ ವಾಸಿ.

ನಿನಗೆ ಹೇಳದ ಇನ್ನೊಂದು ವಿಷಯವಿದೆ, ಇದು ದುಃಖದ್ದಲ್ಲ. ನೀನು ಹಾಡಿಸುವ ಆ ಹುಳದ ಮನೆಯಲ್ಲೇ ನಾನು ಬೆಳೆದದ್ದು. ನಿನ್ನ ಅಜ್ಜಿ ಚಿಕ್ಕಮಾದಮ್ಮ ಅಲ್ಲಿ ಹುಳ ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದಳು, ಸೆರಗು ಹಿಡಿದು ನಾನೂ. ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ನಿದ್ದೆಗೆ ಹೋಗುತ್ತವೆ. ಹಳೇ ಚರ್ಮ ಕಳಚಿ ಎದ್ದ ಮೇಲೆಯೇ ಮತ್ತೆ ಮೇವು. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ, ನಿನಗೆ ಗೊತ್ತಿದ್ದದ್ದೇ. ಜ್ವರದ ದಿನ ಆ ಮನೆಯಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ಊದುಬತ್ತಿ ಇಲ್ಲ, ಹೂವು ಮುಡಿಯುವಂತಿಲ್ಲ, ಬಳೆಗೆ ಬಟ್ಟೆ ಸುತ್ತಿಕೊಳ್ಳಬೇಕು. ಆದರೂ ಇರುವೆ, ಹಲ್ಲಿ ಬಾರದಂತೆ ಕಾವಲು ಕೂರಲೇಬೇಕು. ಮಕ್ಕಳನ್ನು ಕೂರಿಸುತ್ತಿದ್ದರು.

ನಮಗೆ ಸುಮ್ಮನೆ ಕೂತು ಎಲ್ಲಿ ಅಭ್ಯಾಸ! ಒಂದು ಹಾಡು ಕಟ್ಟಿದ್ದೆ, ಹುಳ ಮಲಗಿಸುವ ಹಾಡು. ಅದನ್ನು ದನಿಯಿಲ್ಲದೆ ಹಾಡುತ್ತಿದ್ದೆವು. ಬರೀ ತುಟಿ, ಬರೀ ಕೈ. ಒಬ್ಬರ ತುಟಿ ನೋಡಿ ಒಬ್ಬರು ಮುಂದಿನ ಸಾಲು ಹಿಡಿಯುವುದು. ತುಟಿ ಓದಲು ನಾನು ಕಲಿತದ್ದು ಅಲ್ಲೇ, ಇವತ್ತು ಅದೇ ಅನ್ನ ಹಾಕುತ್ತಿದೆ. ಒಂದು ದಿನ ಮೈಮರೆತು ನನ್ನ ದನಿ ಹೊರಗೆ ಬಂದುಬಿಟ್ಟಿತು. ಆ ಮನೆಯ ದೊಡ್ಡ ಮಗ, ಆಗಿನ್ನೂ ಮೀಸೆ ಬರುತ್ತಿದ್ದ ಹುಡುಗ, ಬಾಗಿಲಲ್ಲಿ ನಿಂತು ಕೈ ಎತ್ತಿದ. ಅಷ್ಟೇ. ಆ ಕೈ ನೋಡಿ ನಾನು ಉಸಿರೂ ಬಿಡಲಿಲ್ಲ. ನಿನ್ನ ರುದ್ರಸ್ವಾಮಿಯವರೇ ಅವರು.

ಆ ಹಾಡು ನಿನಗೆ ಗೊತ್ತು. ತೊಟ್ಟಿಲಲ್ಲಿ ನಿನಗೂ ಅದನ್ನೇ ಹಾಡಿದ್ದು.

ಮಲಗೇ ಮಲಗೇ ಬಿಳಿಯ ಮರಿ,
ಸೊಪ್ಪಿನ ಹಾಸಿಗೆ ಮೆತ್ತಗಿದೆ.
ಎದ್ದರೆ ನಿನಗೆ ಹೊಸ ಅಂಗಿ,
ಎದ್ದರೆ ಹೊಟ್ಟೆಗೆ ಹಸಿವಿದೆ.

ನಿನ್ನನ್ನು ಹುಳ ಅಂತಲೇ ಮಲಗಿಸಿದ್ದೇನೆ, ಕೋಪ ಮಾಡಿಕೊಳ್ಳಬೇಡ.

ಚಿಕ್ಕನಿಂಗಮ್ಮ ಬೆನ್ನು ಬಿದ್ದಿದ್ದಾಳೆ. "ಓಗ್ ಬನ್ನಿ ಮಿಸ್ಸೂ, ಮಗ್ಳು ಕರೀತವ್ಳೆ. ನಾನೂ ಬತ್ತೀನಿ, ಹಾಡು ಮುಗುದ್ರೆ ತೊಡೆ ಚಿವುಟ್ತೀನಿ, ಚಪ್ಪಾಳೆ ತಟ್ರಿ" ಅನ್ನುತ್ತಾಳೆ. ನಗು ಬರುತ್ತದೆ. ಬರಲು ಮಾತ್ರ ಕಾಲೇಳುತ್ತಿಲ್ಲ ಪವೀ. ಒತ್ತಾಯ ಮಾಡಬೇಡ.

ನಿನ್ನ
ಅವ್ವ


ಮಧುವನಹಳ್ಳಿ,
24 ಜನವರಿ 2024

ಅವ್ವಾ,

ಆತುರದಲ್ಲಿ ಬರೆಯುತ್ತಿದ್ದೇನೆ, ಮಹದೇವಸ್ವಾಮಿಯವರು ಬಸ್ಸನ್ನು ನಿಲ್ಲಿಸಿಕೊಂಡು ಸೀಟಿ ಊದುತ್ತಿದ್ದಾರೆ.

ರುದ್ರಸ್ವಾಮಿಯವರು ಹುಳದ ಜ್ವರ ಭಾನುವಾರಕ್ಕೆ ಬೀಳದ ಹಾಗೆ ಲೆಕ್ಕ ಹಾಕಿಯೇ ಮರಿ ತರುವುದು. ಈ ಸಲ ಚಳಿ ಅವರ ಲೆಕ್ಕ ಕೆಡಿಸಿತು. ನಾಲ್ಕನೇ ಜ್ವರ ಶುಕ್ರವಾರದ ಬದಲು ಸರಿಯಾಗಿ ಭಾನುವಾರಕ್ಕೆ ಬರುತ್ತಿದೆ. "ಉಳ ಜರಕ್ಕೆ ಕುಂತ್ರೆ ಹಾಡೂ ಇಲ್ಲ ಪಾಡೂ ಇಲ್ಲ. ನಮ್ಮಪ್ಪನ ಕಾಲ್ದಿಂದ ಈ ಮನೇಲಿ ಆ ದಿನ ಯಾರೂ ಕೆಮ್ಮಿಲ್ಲ" ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಊರಿಗೆಲ್ಲ ಹೇಳಿಯಾಗಿದೆ, ಸುತ್ತಿನಿಂದೆಲ್ಲ ಸಂಸಾರಗಳು ಬರುತ್ತಿವೆ. ಮಕ್ಕಳು ಅಳಲು ಶುರುಮಾಡಿದರು. ಸೌಮ್ಯ, "ಉಳಕ್ಕೆ ಮಾತ್ರೆ ಕೊಡಿ ತಾತಾ" ಅಂದಳು.

ಆಗ ನಿನ್ನ ಕಾಗದ ನೆನಪಾಯಿತು. ರುದ್ರಸ್ವಾಮಿಯವರಿಗೆ ಹೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಅವರು ಜಾಲರಿಯ ಹತ್ತಿರ ಹೋಗಿ ಒಂದು ಸಲ ಹುಳ ನೋಡಿ ಬಂದರು. "ಸದ್ದಿಲ್ದಂಗೆ ಆದ್ರೆ ಮಾಡ್ಕಳಿ" ಅಂದರು.

ಮೂರು ದಿನದಿಂದ ಮಕ್ಕಳಿಗೆ ನಿನ್ನ ಹಾಡು ಕಲಿಸುತ್ತಿದ್ದೇನೆ. ಮೊದಲು ದನಿಯಲ್ಲಿ, ಆಮೇಲೆ ದನಿ ತೆಗೆದು. ಬರೀ ತುಟಿ, ಬರೀ ಕೈ.

ಅವ್ವಾ, ಈ ಭಾನುವಾರ ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಬಾ.

ಪವಿ


ಹೂಗ್ಯಂ,
30 ಜನವರಿ 2024

ಪವೀ,

ಬಂದು ಎರಡು ದಿನವಾದರೂ ನಾನಿನ್ನೂ ಆ ನಡುಮನೆಯಲ್ಲೇ ಕೂತಿದ್ದೇನೆ. ಚಿಕ್ಕನಿಂಗಮ್ಮ ಸಾರಿಗೆ ಉಪ್ಪಿದೆಯಾ ಅಂತ ಸನ್ನೆ ಮಾಡಿದರೆ, ಹೂಂ ಅಂತ ಹೊರಗೆ ನೋಡುತ್ತೇನೆ.

ಹುಳಕ್ಕೆ ರೋಗ ತಗಲದಿರಲೆಂದು ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಬಂದಾಗ ಎಷ್ಟು ಜನ ಇದ್ದರು! ಆದರೆ ಎಲ್ಲರೂ ನನ್ನ ಹಾಗೇ ಇದ್ದರು. ಅಪ್ಪಂದಿರು ಕೂಸಿನ ಬಾಯಿಗೆ ಬೆರಳಿಟ್ಟುಕೊಂಡಿದ್ದರು, ಹೆಂಗಸರು ಬಳೆಗೆ ಕರವಸ್ತ್ರ ಸುತ್ತಿಕೊಂಡಿದ್ದರು. ಯಾರಾದರೂ ಏನಾದರೂ ಹೇಳಬೇಕಾದರೆ ಮುಖ ಮುಖಕ್ಕೆ ತಂದು ತುಟಿ ಬಿಡಿಸಿ ಹೇಳುತ್ತಿದ್ದರು. ನಾನು ದೂರದಿಂದಲೇ ಎಲ್ಲರ ಗುಟ್ಟೂ ಓದುತ್ತಾ ಬಂದೆ. ಹಿಂದಿನ ಸಾಲಿನ ಹೆಂಗಸು ಗಂಡನಿಗೆ, "ಗ್ಯಾಸ್ ಆಫ್ ಮಾಡಿದ್ರಾ?" ಅಂತ ಕೇಳುತ್ತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಜನರ ನಡುವೆ ನನಗೆ ಹೆದರಿಕೆಯಾಗಲಿಲ್ಲ.

ಮಕ್ಕಳು ಬಂದು ನಿಂತರು. ಜಾಲರಿಯ ಆಚೆ ಹುಳಗಳು ತಲೆ ಎತ್ತಿಕೊಂಡು ಮಲಗಿದ್ದವು, ಸಾವಿರ ಸಾವಿರ. ನೀನು ಕೈ ಎತ್ತಿದೆ, ತುಟಿಗಳು ತೆರೆದವು. ಮಲಗೇ ಮಲಗೇ. ನನಗೆ ಪೂರ್ತಿ ಕೇಳಿಸಿತು ಪವೀ. ಒಂದಕ್ಷರ ಬಿಡದೆ. ಸೌಮ್ಯನ ಹೆಬ್ಬೆರಳು ಎಲ್ಲಿ ಎದ್ದಿತೋ ಅಲ್ಲಿ ಸ್ವರ ಎದ್ದಿತು. ನಿನ್ನ ತುಟಿಯನ್ನೂ ನೋಡಿದೆ. ನಿನ್ನ ದೊಡ್ಡವಳ ದನಿ ಯಾವುದು ಅನ್ನುವುದು ಗೊತ್ತಾಯಿತು ಅನ್ನಿಸಿತು, ಹೇಗೆ ಅಂತ ಕೇಳಬೇಡ. ಮನಸ್ಸು ತುಂಬಿಹೋಗಿ ನಾನೂ ನಿಮ್ಮ ಜೊತೆ ತುಟಿ ಆಡಿಸಿದೆ.

ಆಮೇಲೆ ಏನಾಯಿತೋ ತಿಳಿಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ರುದ್ರಸ್ವಾಮಿಯವರು ಬಾಗಿಲಲ್ಲಿ ಕೈ ಎತ್ತಿದರು. ಅದೇ ಕೈ! ಆದರೆ ಆ ಕೈ ಹಾಗೇ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯಿತು, ಅವರು ಏನೋ ಹೇಳಿದರು, ಬಿಳಿ ಮೀಸೆ ಅಡ್ಡ ಬಂದು ಓದಲಾಗಲಿಲ್ಲ. ಮಕ್ಕಳು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಹಿಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು. ಮುಗಿದ ಮೇಲೆ ನೀನು ಓಡಿಬಂದು ತಬ್ಬಿಕೊಂಡೆ. ನನ್ನ ಹೆಗಲಿನಲ್ಲಿ ಮುಖವಿಟ್ಟು ಏನೇನೋ ಹೇಳಿದೆ, ಮುಖ ಕಾಣದೆ ನಾನು ಹೇಗೆ ಓದಲಿ? ಅಷ್ಟರಲ್ಲಿ ಮಹದೇವಸ್ವಾಮಿ ಬಂದು ಬಸ್ಸು ಅಂದರು.

ದಾರಿಯುದ್ದಕ್ಕೂ ಚಿಕ್ಕನಿಂಗಮ್ಮನನ್ನು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಕಿಟಕಿ ಕಡೆ ನೋಡುತ್ತಾಳೆ, ಹೇಳುವುದಿಲ್ಲ. ನಾನೇನಾದರೂ ತಪ್ಪು ಮಾಡಿದೆನಾ? ಹುಳಕ್ಕೆ ಏನಾದರೂ ಆಯಿತಾ? ಮುಚ್ಚಿಡಬೇಡ. ಮುಚ್ಚಿಡುವುದು ನನ್ನ ಕೆಲಸ, ನಿನ್ನದಲ್ಲ.

ನಿನ್ನ
ಅವ್ವ


ಯಳಂದೂರು,
1 ಫೆಬ್ರವರಿ 2024

ಅವ್ವಾ,

ನೀನು ತುಟಿ ಆಡಿಸಲಿಲ್ಲ. ಹಾಡಿದೆ. ಗಟ್ಟಿಯಾಗಿ, ದನಿ ತೆಗೆದು, ಹೆಂಚಿಗೆ ಮುಟ್ಟುವ ಹಾಗೆ.

ಮೊದಲ ಸಾಲು ದಾಟಿ ಸೊಪ್ಪಿನ ಹಾಸಿಗೆಗೆ ಬಂದಾಗ ನಿನ್ನ ದನಿ ಎದ್ದಿತು. ನನ್ನ ಕೈ ಗಾಳಿಯಲ್ಲೇ ನಿಂತುಹೋಯಿತು. ಮೂರು ವರ್ಷ ನಾನು ಆ ದನಿ ಕೇಳಿರಲಿಲ್ಲ ಅವ್ವಾ. ನಿನಗೆ ಕೇಳಿಸುತ್ತಿಲ್ಲ ಅನ್ನುವುದೇ ದೊಡ್ಡದಾಗಿ, ನನಗೂ ನಿನ್ನ ಹಾಡು ಕೇಳಿಸುತ್ತಿಲ್ಲ ಅನ್ನುವುದನ್ನು ಮರೆತೇಬಿಟ್ಟಿದ್ದೆ. ನಿನ್ನನ್ನು ನಿಲ್ಲಿಸಲೋ ಬೇಡವೋ ಅಂತ ರುದ್ರಸ್ವಾಮಿಯವರ ಕಡೆ ನೋಡಿದೆ. ಅವರು ಕೈ ಎತ್ತಿದ್ದು ನಿನ್ನನ್ನು ಸುಮ್ಮನಿರಿಸಲೆಂದೇ. ಆಮೇಲೆ ನಿನ್ನ ಮುಖ ನೋಡಿದರು. ಕೈ ಇಳಿಯಿತು. ಮೀಸೆ ಅಡ್ಡ ಬಂದದ್ದಕ್ಕೆ ನಿನಗೆ ಓದಲಾಗದ ಮಾತು ಇದು: "ಚಿಕ್ಕಮಾದಮ್ಮನ ಮಗ್ಳಲ್ವಾ ಇದು? ಅವತ್ತೂ ನಾನೇ ಸುಮ್ಕಿರ್ಸಿದ್ದು. ಕೇಳುಸ್ಕಳ್ಳಿ ಬುಡಿ ಉಳವೂ."

ಹುಳದ ಚಿಂತೆ ಬಿಡು. ಸೋಮವಾರ ಸಂಜೆಗೆ ಎಲ್ಲ ಒಟ್ಟಿಗೇ ಜ್ವರ ಬಿಟ್ಟು ಎದ್ದವು, ಒಂದು ತಟ್ಟೆಯೂ ಹಿಂದೆ ಬೀಳಲಿಲ್ಲ. ರುದ್ರಸ್ವಾಮಿಯವರು ನನ್ನ ಕಿವಿಯನ್ನು ಜಾಲರಿಗೆ ಇಡಿಸಿ ಕೇಳಿಸಿದರು. ಮಳೆ ಸುರಿದ ಹಾಗೆ ಮೇಯುತ್ತಿವೆ, ಹೊಸ ಅಂಗಿ ಹಾಕಿಕೊಂಡು.

ನಿನಗೆ ಸುಳ್ಳು ಹೇಳುವುದಿಲ್ಲ ಅಂತ ಆಣೆ ಮಾಡಿಕೊಂಡಿದ್ದೇನೆ, ಅದಕ್ಕೆ ಇದನ್ನೂ ಹೇಳುತ್ತೇನೆ. ನಿನ್ನ ಶ್ರುತಿ ಜಾರಿತ್ತು ಅವ್ವಾ. ನಾನು ಮಕ್ಕಳಿಗೆ ಕಲಿಸಿದ್ದಕ್ಕಿಂತ ಕೆಳಗೆ, ದನಿ ನಡುಗುತ್ತಾ, ತನ್ನದೇ ದಾರಿಯಲ್ಲಿ ಹೋಗುತ್ತಿತ್ತು. ನಾನು ಸೌಮ್ಯನನ್ನು ನೋಡಿದೆ, ಈಗ ನಿಲ್ಲಿಸುತ್ತಾಳೆ, ದುರುಗುಟ್ಟುತ್ತಾಳೆ ಅಂತ ಹೆದರಿದೆ. ಅವಳು ನಿನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, ಹುಳಕ್ಕೂ ಕೇಳದಷ್ಟು ಮೆಲ್ಲಗೆ, ನಿನ್ನ ಶ್ರುತಿಗೇ ಇಳಿದು ಹಾಡತೊಡಗಿದಳು. ಅವಳ ಹಿಂದೆ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ಕೊನೆಯ ಸಾಲಿಗೆ ಇಡೀ ನಡುಮನೆ ನಿನ್ನ ಶ್ರುತಿಯಲ್ಲಿತ್ತು. ನಾನು ಹಾಡಲಿಲ್ಲ, ಕೇಳುತ್ತಾ ನಿಂತೆ.

ಎಲ್ಲ ಹೋದ ಮೇಲೆ ಅವಳನ್ನು ಕೇಳಿದೆ, "ಯಾಕೇ ಸೌಮ್ಯ, ಇವತ್ತು ಯಾರನ್ನೂ ತಪ್ಪು ಅನ್ನಲಿಲ್ಲ?" ಅಂತ. ಹುರಿಗಡಲೆ ಅಗಿಯುತ್ತಾ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ತಪ್ಪಿದ್ದು ನಾವು ಮಿಸ್. ಅಜ್ಜಿ ಸರ್ಯಾಗೇ ಹೇಳ್ತಿತ್ತು."

ಈ ಭಾನುವಾರ ಮೊದಲ ಬಸ್ಸಿಗೆ ಬಾ. ಕುರ್ಚಿ ಹಿಡಿದಿಡುವುದಿಲ್ಲ, ನೀನು ನಮ್ಮ ಜೊತೆ ನಿಲ್ಲಬೇಕು. ಶ್ರುತಿ ನೀನೇ ಕೊಡಬೇಕಂತೆ.

ನಿನ್ನ ಬಿಳಿಯ ಮರಿ
ಪವಿ